ಬಾದಾಮೀಲಿ ಒಂದು ರಾತ್ರಿ ಉಳೀರಿ

1/8

ವಿನೋಬನಗರದಿಂದ ಹೊರಡೋ ಯಾವ ರೋಡ್ ಟ್ರಿಪ್ ಪ್ಲಾನ್ ಬೇಕಾದ್ರೂ ತೆಗೆದು ನೋಡಿ. ವಾಟ್ಸಾಪ್ ಗ್ರೂಪಲ್ಲಿ ಗೋವಾ ಅಂತ ಶುರುವಾಗುತ್ತೆ, ಮನೇಲಿ ಬಿಡಲ್ಲ ಅಂತ ಗೊತ್ತಾದ್ಮೇಲೆ ಹಂಪಿಗೆ ಇಳಿಯುತ್ತೆ. ಆಗ ಯಾರಾದ್ರೊಬ್ರು ಹೇಳ್ತಾರೆ, "ಹಂಗೇ ಬಾದಾಮೀನೂ ಮುಗಿಸ್ಕೊಂಡು ಬರಣ."

ಈ "ಮುಗಿಸ್ಕೊಂಡು" ಅನ್ನೋ ಮಾತಿನ ಮೇಲೇ ನನ್ನ ತಕರಾರು.

ಹೇಗೆ ಮುಗಿಸ್ತೀವಿ ಅಂತ ನಿಮಗೂ ಗೊತ್ತು. ಮಟಮಟ ಮಧ್ಯಾಹ್ನ ಗಾಡಿ ನಿಲ್ಲಿಸೋದು. ನಾಲ್ಕು ಗುಹೆ ಹತ್ತಿ ಇಳಿಯೋದು. ಅಗಸ್ತ್ಯ ತೀರ್ಥದ ಮುಂದೆ ಒಂದು ರೀಲ್, ಕೋತಿಗೆ ಹೆದರಿ ಓಡಿದ ಒಂದು ವಿಡಿಯೊ, ಒಂದು ಟೀ. ಎರಡು ಗಂಟೇಲಿ ಗಾಡಿ ಸ್ಟಾರ್ಟ್. ಆಮೇಲೆ ಪೋಸ್ಟ್ ಹಾಕೋದು: "ಬಾದಾಮಿ ಡನ್."

ಡನ್ ಅಂದ್ರೆ ಏನ್ರಪ್ಪಾ? ಇವತ್ತಿನ ಎಂಟು ಪೋಸ್ಟ್‌ಗಳಲ್ಲಿ ನಾನು ಹೇಳೋಕೆ ಹೊರಟಿರೋದು ಒಂದೇ ಮಾತು. ಬಾದಾಮಿ ದಾರೀಲಿ ಸಿಕ್ಕಿದ ಸ್ಟಾಪ್ ಆಗಬಾರದು. ಹೋಗೋದಾದ್ರೆ ಒಂದು ರಾತ್ರಿ ಅಲ್ಲೇ ಉಳೀರಿ. ಅದೂ ಜನವರಿಯ ಬನಶಂಕರಿ ಜಾತ್ರೆ ಹೊತ್ತಿಗೆ ಹೋದ್ರೆ ಇನ್ನೂ ಒಳ್ಳೇದು. ಬೆಳಿಗ್ಗೆ ಬಂಡೆ, ರಾತ್ರಿ ಜಾತ್ರೆ. ಎರಡೂ ನೋಡದೇ ಇದ್ರೆ ಆ ಊರು ನಿಮಗೆ ಅರ್ಧವೂ ಸಿಕ್ಕಿಲ್ಲ ಅಂತ ನನ್ನ ವಾದ.

ಒಪ್ಪಲೇಬೇಕು ಅಂತಿಲ್ಲ. ಆದ್ರೆ ಪೂರ್ತಿ ಓದಿ ಜಗಳ ಮಾಡಿ.

2/8

ಮೊದಲು ಬಂಡೆ ವಿಷಯ.

ಹುಬ್ಬಳ್ಳಿ, ನವಲಗುಂದ, ನರಗುಂದ ದಾಟಿ ಕುಳಗೇರಿ ಕ್ರಾಸಲ್ಲಿ ಬಲಕ್ಕೆ ತಿರುಗೋವರೆಗೂ ಕಣ್ಣಿಗೆ ಕಾಣೋದು ಎರೆ ಹೊಲ, ಬಿಳಿ ಜೋಳ, ಚಪ್ಪಟೆ ಭೂಮಿ. ಮಲೆನಾಡಿನ ತಿರುವುಗಳನ್ನ ನೋಡಿ ಬೆಳೆದ ನಮಗೆ ಇಷ್ಟು ನೆಟ್ಟಗಿನ ರಸ್ತೆ ನೋಡಿದ್ರೇ ನಿದ್ದೆ ಬರುತ್ತೆ. ಆಮೇಲೆ ಕೆಂಪು ಗುಡ್ಡ ಎದ್ದು ನಿಲ್ಲುತ್ತೆ. ಗೋಡೆ ಕಟ್ಟಿದ ಹಾಗೆ ನೆಟ್ಟಗೆ. ನಡುವೆ ಸೀಳು. ಆ ಸೀಳಿನಲ್ಲಿ ಊರು, ಊರ ಪಕ್ಕದಲ್ಲಿ ಕೆರೆ.

ನೋಡಿದವರೆಲ್ಲ ಹಾಕೋ ಕ್ಯಾಪ್ಶನ್ "ಕರ್ನಾಟಕದ ಡೆಸರ್ಟ್ ಕ್ಯಾನ್ಯನ್". ಚಂದ ಇದೆ, ಆದ್ರೆ ಬಾದಾಮಿ ಮರುಭೂಮಿ ಅಲ್ಲ. ಪಶ್ಚಿಮ ಘಟ್ಟದ ಮಳೆ ನೆರಳಿನ ಒಣ ಸೀಮೆ ಅದು. ನಮ್ಮ ಆಗುಂಬೇಲಿ ವರ್ಷದ ಸರಾಸರಿ ಮಳೆ 7000 ಮಿ.ಮೀ. ದಾಟುತ್ತೆ, ಅಲ್ಲಿ ಅದರ ಹತ್ತನೇ ಒಂದು ಭಾಗವೂ ಬೀಳಲ್ಲ. ಆದ್ರೂ ಜೋಳ ಬೆಳೆಯುತ್ತೆ, ಜನ ಸಾವಿರಾರು ವರ್ಷದಿಂದ ಬದುಕಿದಾರೆ. ಮರುಭೂಮಿ ಅಂತ ಕರೆದ ತಕ್ಷಣ ಅಲ್ಲಿ ಯಾರೂ ಇಲ್ಲ ಅನ್ನೋ ಭಾವನೆ ಬಂದುಬಿಡುತ್ತೆ. ನನಗೆ ಕಿರಿಕಿರಿ ಆಗೋದು ಅಲ್ಲೇ.

ಬಂಡೆ ಮರಳುಗಲ್ಲು. ಡೈನೋಸಾರ್‌ಗಳಿಗಿಂತ ಎಷ್ಟೋ ಹಿಂದೆ ನೀರು ಹೊತ್ತು ತಂದ ಮರಳು ಪದರ ಪದರವಾಗಿ ಕೂತು ಗಟ್ಟಿಯಾಗಿದ್ದು. ಕೆಂಪು ಬಣ್ಣ ಒಳಗಿರೋ ಕಬ್ಬಿಣದ ತುಕ್ಕಿನಿಂದ ಬಂದಿದ್ದು. ಹತ್ತಿರ ಹೋಗಿ ನೋಡಿದ್ರೆ ಕೆಲವು ಕಡೆ ಹೊಳೆ ದಡದ ಮರಳಲ್ಲಿ ಕಾಣೋ ಅಲೆ ಗುರುತು ಕಲ್ಲಲ್ಲಿ ಹಾಗೇ ಉಳಿದಿದೆ. ತುಂಗೆ ಕಡಿಮೆಯಾದಾಗ ದಡದಲ್ಲಿ ನೋಡ್ತೀವಲ್ಲ, ಥೇಟ್ ಅದೇ.

ಇದು ಎರಡು ಗಂಟೇಲಿ ಕಾಣಲ್ಲ. ಮಧ್ಯಾಹ್ನದ ಬಿಸಿಲಿಗೆ ಬಂಡೆ ಬಣ್ಣವೇ ಕಳ್ಕೊಂಡಿರುತ್ತೆ. ಸಂಜೆ ಕೆರೆ ದಡದಲ್ಲಿ ಕೂತು ಭೂತನಾಥ ಗುಡಿ ಹಿಂದಿನ ಬಂಡೆ ಮೇಲೆ ಇಳಿಬಿಸಿಲು ಬೀಳೋದನ್ನ ನೋಡಿ. ಫಿಲ್ಟರ್ ಯಾಕೆ ಬೇಕಿತ್ತು ಅನ್ಸುತ್ತೆ.

3/8

ಈಗ ಸೀಳುಗಳ ಒಳಗೆ ಹೋಗಣ.

ಮ್ಯೂಸಿಯಂ ಪಕ್ಕದಿಂದ ಉತ್ತರದ ಕೋಟೆಗೆ ಹತ್ತೋ ದಾರಿ ಇದೆಯಲ್ಲ, ಎರಡೂ ಕಡೆ ಬಂಡೆ ಎತ್ತರಕ್ಕೆ ಎದ್ದು ನಡುವೆ ಓಣಿಯಂತೆ ಜಾಗ ಇರೋದು, ಅದನ್ನ ಎಲ್ಲರೂ ನೋಡಿರ್ತಾರೆ. ಗುಡ್ಡದ ಕಾಲುದಾರೀಲಿ ನಡೆದು ಹೋಗಬೇಕಾದ ಸಿಡಿಲಫಡಿಗೆ ಹೋಗೋರು ಕಡಿಮೆ. ಹೆಸರಲ್ಲೇ ಸಿಡಿಲಿದೆ. ದೊಡ್ಡ ಬಂಡೆಗಳ ನಡುವೆ ಕಮಾನು, ಅದರಲ್ಲಿ ಸಿಡಿಲು ಬಡಿದು ತೂತಾದ ಹಾಗೆ ಕಿಂಡಿ. ಕೆಳಗೆ ಆದಿಮಾನವರು ಬಿಡಿಸಿದ ಚಿತ್ರಗಳು. ಚಾಲುಕ್ಯರು ಬರೋಕೆ ಎಷ್ಟೋ ಕಾಲ ಮುಂಚೆಯೇ ಅಲ್ಲಿ ಯಾರೋ ನೆರಳಿಗೆ ಕೂತಿದ್ರು ಅನ್ನೋದಕ್ಕೆ ಸಾಕ್ಷಿ.

ಅಲ್ಲಿಗೆ ಗೈಡ್ ಇಲ್ಲದೆ ಹೋಗಬೇಡಿ. "ಗೂಗಲ್ ಮ್ಯಾಪ್ ಇದೆಯಲ್ಲ" ಅನ್ನೋ ನಮ್ಮ ಕ್ಲಾಸಿನ ಧೀರರಿಗೆ ಅಮೆರಿಕದ ಒಂದು ಕತೆ ಹೇಳ್ತೀನಿ.

ನಿಮ್ಮ ಫೀಡಲ್ಲಿ ಕಿತ್ತಳೆ ಬಣ್ಣದ ಅಲೆ ಅಲೆ ಕಲ್ಲಿನ ಸಂದಿ, ಮೇಲಿಂದ ಬಿಸಿಲುಕೋಲು, ಬಂದೇ ಬಂದಿರುತ್ತೆ. ಅದು ಅರಿಜೋನಾದ ಆ್ಯಂಟಿಲೋಪ್ ಕ್ಯಾನ್ಯನ್. ಅದೂ ಮರಳುಗಲ್ಲೇ. ನವಾಹೊ ಬುಡಕಟ್ಟಿನವರ ನೆಲ. 1997ರ ಆಗಸ್ಟ್ 12ರಂದು ಎಲ್ಲೋ ದೂರದಲ್ಲಿ ಸುರಿದ ಮಳೆಯ ನೀರು ಇದ್ದಕ್ಕಿದ್ದ ಹಾಗೆ ಆ ಸಂದಿಗೆ ನುಗ್ಗಿ 11 ಜನ ಪ್ರವಾಸಿಗರು ಸತ್ತರು. ಇವತ್ತು ನವಾಹೊ ಸರ್ಕಾರದ ಅನುಮತಿ ಇರೋ ಗೈಡ್ ಜೊತೆ ಬಿಟ್ಟು ಒಬ್ಬಂಟಿ ಒಳಗೆ ಹೋಗೋಕೆ ಆಗಲ್ಲ.

ಬಾದಾಮಿಯ ಬಂಡೆಯೂ ನೀರು ಕುಡಿಯಲ್ಲ. ಮಳೆ ಬಿದ್ದ ಕೂಡಲೇ ಗುಡ್ಡದ ಮೇಲಿಂದ ನೀರು ಧುಮುಕುತ್ತೆ, ಊರವರು ಅಕ್ಕ-ತಂಗಿ ಜಲಪಾತ ಅಂತಾರೆ. ಯಾವ ಕಲ್ಲು ಜಾರುತ್ತೆ, ಎಲ್ಲಿ ಜೇನು ಕಟ್ಟಿದೆ, ಯಾವ ಹೊತ್ತಿಗೆ ವಾಪಸ್ ಹೊರಡಬೇಕು ಅನ್ನೋದು ಮ್ಯಾಪಲ್ಲಿ ಇಲ್ಲ, ಅಲ್ಲಿ ಹುಟ್ಟಿ ಬೆಳೆದವರ ಹತ್ತಿರ ಇದೆ. ಐದು ಜನ ಸೇರಿ ಒಬ್ಬ ಸ್ಥಳೀಯ ಗೈಡಿಗೆ ಕೊಡೋ ದುಡ್ಡು ನಾವು ದಾರೀಲಿ ಚಿಪ್ಸಿಗೆ ಕೊಡೋದಕ್ಕಿಂತ ಬಹಳ ಹೆಚ್ಚೇನಲ್ಲ.

4/8

ಈ ಪೋಸ್ಟ್ ಸ್ವಲ್ಪ ಖಾರ.

ಬಾದಾಮಿ ಬಂಡೆ ಮೇಲೆ ಹೃದಯ ಬರೆದು, ಬಾಣ ಹಾಕಿ, ಎರಡು ಇನಿಶಿಯಲ್ ಕೆತ್ತಿ ಬರೋ ಕಲಾವಿದರು ನಮ್ಮ ವಯಸ್ಸಿನವರೇ. ಬೈದ್ರೆ ರೆಡಿ ಉತ್ತರ ಇರುತ್ತೆ: "ಚಾಲುಕ್ಯರೂ ಬಂಡೆ ಮೇಲೆ ಬರೆದಿದ್ದೇ ತಾನೆ?"

ಹೌದು, ಬರೆದ್ರು. ಏನು ಬರೆದ್ರು ನೋಡಿ. 543ರಲ್ಲಿ ಒಂದನೇ ಪುಲಕೇಶಿ ಕೋಟೆ ಕಟ್ಟಿದ್ದನ್ನ ಬರೆಸಿದ. ಮೂರನೇ ಗುಹೇಲಿ 578ರ ಶಾಸನ ಇದೆ, ಮಂಗಳೇಶ ಆ ವಿಷ್ಣು ಗುಡಿ ಮಾಡಿಸಿದ್ದರ ದಾಖಲೆ. ಕೆರೆಯ ಆಚೆ ಬಂಡೆ ಮೇಲೆ ಕಪ್ಪೆ ಅರಭಟ್ಟನ ಶಾಸನ, ಸುಮಾರು 1300 ವರ್ಷ ಹಳೇದು. ಕನ್ನಡ ತ್ರಿಪದಿಯ ಅತಿ ಹಳೆಯ ಮಾದರಿ ಸಿಗೋದು ಅಲ್ಲೇ. ಜನಪದ ಗೀತೆಗಳ, ಸರ್ವಜ್ಞನ ಮೂರು ಸಾಲಿನ ಲೆಕ್ಕಾಚಾರ ಆಗಲೇ ಬಂಡೆಗೆ ಬಂದಿತ್ತು. ಶಿಲ್ಪಿಗಳ ಹೆಸರುಗಳೂ ಅಲ್ಲಿನ ಕಲ್ಲಿನ ಮೇಲಿವೆ.

ಅವರು ತಾವು ಮಾಡಿದ ಕೆಲಸದ ಕೆಳಗೆ ಹೆಸರು ಹಾಕಿದ್ರು. ನಾವು ಬೇರೆಯವರು ಮಾಡಿದ ಕೆಲಸದ ಮೇಲೆ ಹೆಸರು ಹಾಕ್ತೀವಿ. ನಿಮ್ಮ ಅಸೈನ್‌ಮೆಂಟ್ ಮೇಲೆ ಪಕ್ಕದವನು ಅವನ ಹೆಸರು ಬರೆದ್ರೆ ಸುಮ್ನೆ ಇರ್ತೀರಾ?

ಕಾನೂನೂ ಇದೆ. ಸಂರಕ್ಷಿತ ಸ್ಮಾರಕ ಹಾಳು ಮಾಡಿದ್ರೆ ಎರಡು ವರ್ಷದವರೆಗೆ ಜೈಲು, ಇಲ್ಲ ಒಂದು ಲಕ್ಷದವರೆಗೆ ದಂಡ, ಇಲ್ಲ ಎರಡೂ. 1958ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಮಾಡಿ ಶಿಕ್ಷೆ ಹೆಚ್ಚಿಸಿದ್ರು. ಆದ್ರೆ ಜೈಲಿಗೆ ಹೆದರಿ ಬಿಡಿ ಅಂತ ಹೇಳ್ತಿಲ್ಲ. ಮರಳುಗಲ್ಲು ಮೆತ್ತಗಿನ ಕಲ್ಲು. ಕೀ ಗೊಂಚಲಲ್ಲಿ ಅರ್ಧ ನಿಮಿಷ ಗೀಚಿದ್ರೂ ನೂರಾರು ವರ್ಷ ಉಳಿಯುತ್ತೆ. ನಿಮ್ಮ ಬ್ರೇಕಪ್ ಆದ್ಮೇಲೂ ಉಳಿಯುತ್ತೆ, ಅದನ್ನ ಯೋಚನೆ ಮಾಡಿ.

ನನ್ನ ಅನುಮಾನ ಇಷ್ಟೇ: ಎರಡು ಗಂಟೆಗೆ ಬಂದು ಹೋಗೋರಿಗೇ ಗುರುತು ಬಿಟ್ಟು ಹೋಗೋ ಆಸೆ ಜಾಸ್ತಿ. ಒಂದು ರಾತ್ರಿ ಉಳಿದು ಅಲ್ಲಿನ ನಾಲ್ಕು ಜನರ ಜೊತೆ ಮಾತಾಡಿದವರಿಗೆ ಅದು ಯಾರದ್ದೋ ಮನೆ ಗೋಡೆ ಅನ್ನೋದು ತಾನಾಗೇ ಗೊತ್ತಾಗುತ್ತೆ.

5/8

ಹಗಲು ಮುಗೀತು. ಈಗ ಜಾತ್ರೆ.

ಬಾದಾಮಿಯಿಂದ ಐದು ಕಿಲೋಮೀಟರ್ ದೂರದ ಚೊಳಚಗುಡ್ಡದಲ್ಲಿ ಬನಶಂಕರಿ ಗುಡಿ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ತೇರು. ಸಾಮಾನ್ಯವಾಗಿ ಜನವರೀಲಿ ಬರುತ್ತೆ. ಅದಕ್ಕೆ ಮುಂಚೆ ಪಲ್ಯದ ಹಬ್ಬ: ದೇವಿಗೆ 108 ಬಗೆಯ ತರಕಾರಿ ನೈವೇದ್ಯ. ಶಾಕಾಂಬರಿ ಅಂದ್ರೆ ಸೊಪ್ಪು ತರಕಾರಿಯ ತಾಯಿ. ಮಳೆ ಕಡಿಮೆ ಇರೋ ಒಣ ಸೀಮೇಲಿ ಜನ ತಮ್ಮ ದೇವಿಯ ಮುಂದೆ 108 ತರಕಾರಿ ತಂದು ಇಡ್ತಾರೆ ಅನ್ನೋದನ್ನ ಒಂದು ನಿಮಿಷ ಯೋಚಿಸಿ. ಮಲೆನಾಡಲ್ಲಿ ಕೂತು ಹಸಿರನ್ನ ಪುಕ್ಕಟೆ ಅಂದ್ಕೊಂಡ ನಮಗೆ ಇದರ ತೂಕ ತಕ್ಷಣ ಗೊತ್ತಾಗಲ್ಲ.

ತೇರು ಒಂದು ದಿನ, ಜಾತ್ರೆ ವಾರಗಟ್ಟಲೆ. ಬಳೆ, ಬೆಂಡು ಬತ್ತಾಸು, ತೊಟ್ಟಿಲು, ಮಿರ್ಚಿ ಎಲ್ಲಾ ಕಡೆ ಇರೋದೇ. ಇಲ್ಲಿ ಮನೆ ಬಾಗಿಲು, ಚೌಕಟ್ಟುಗಳನ್ನೂ ಸಾಲಾಗಿ ನಿಲ್ಲಿಸಿ ಮಾರ್ತಾರೆ. ಮನೆ ಕಟ್ಟೋರು ಜಾತ್ರೆಗೆ ಬಂದು ಬಾಗಿಲು ತಗೊಂಡು ಹೋಗ್ತಾರೆ! ಅಮೆಜಾನಲ್ಲಿ ಸಿಗಲ್ಲ ಬಿಡಿ.

ನಾವು ಐದು ಜನ ಹೋಗಿದ್ದಾಗ ಗುಡಿ ಹತ್ತಿರ ಬುಟ್ಟೀಲಿ ಜೋಳದ ರೊಟ್ಟಿ ಮಾರೋ ಅಮ್ಮ ಒಬ್ಬರ ಮುಂದೆ ಕೂತ್ವಿ. ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಮೊಸರು. ನಮ್ಮವನೊಬ್ಬ ಫೋನ್ ಎತ್ತಿದ ಕೂಡಲೇ ಅವರು, "ಮೊದ್ಲ ಉಣ್ರೀ ತಮ್ಮಾ, ಫೋಟೊ ಆಮ್ಯಾಲ ತಗೀರಿ. ರೊಟ್ಟಿ ಎಲ್ಲಿಗೂ ಓಡಿ ಹೋಗಂಗಿಲ್ಲ" ಅಂದ್ರು. ಯಾವೂರು ಅಂತ ಕೇಳಿದ್ರು. ಶಿವಮೊಗ್ಗ ಅಂದ್ವಿ. "ಹೌದಾ, ಮಳಿ ಊರು" ಅಂದು ಇನ್ನೊಂದು ಸೌಟು ಪಲ್ಯ ಬಡಿಸಿದ್ರು. ಊಟ ಆದ್ಮೇಲೆ "ಅಮ್ಮಾ, ಈಗ ತೆಗೀಲಾ?" ಅಂತ ಕೇಳಿದ್ವಿ. ಸೆರಗು ಸರಿ ಮಾಡ್ಕೊಂಡು ಕೂತ್ರು.

ಜಾತ್ರೆ ಫೋಟೊ ತೆಗೆಯೋರಿಗೆ ಇಷ್ಟೇ ನಿಯಮ ಸಾಕು. ಮೊದಲು ಉಣ್ಣಿ, ಆಮೇಲೆ ಕೇಳಿ, ಆಮೇಲೆ ತೆಗೀರಿ. ಹರಕೆ ತೀರಿಸೋರು, ಸ್ನಾನ ಮಾಡೋರು, ಅಳೋ ಮಕ್ಕಳು ನಮ್ಮ ರೀಲಿನ ಬ್ಯಾಕ್‌ಗ್ರೌಂಡ್ ಆಗೋಕೆ ಬಂದಿರಲ್ಲ.

6/8

ರಾತ್ರಿ ಉಳೀರಿ ಅಂತ ನಾನು ಹಟ ಹಿಡಿಯೋಕೆ ಮುಖ್ಯ ಕಾರಣ ಇದು: ಕಂಪನಿ ನಾಟಕ.

ಬನಶಂಕರಿ ಜಾತ್ರೇಲಿ ಒಂದೇ ಬಯಲಲ್ಲಿ ಹಲವು ವೃತ್ತಿ ನಾಟಕ ಕಂಪನಿಗಳು ಅಕ್ಕಪಕ್ಕ ಟೆಂಟ್ ಹಾಕ್ತವೆ. ಒಂದೇ ರಾತ್ರಿ ಒಂದಕ್ಕಿಂತ ಹೆಚ್ಚು ಆಟ. ಮೈಕಲ್ಲಿ ಕೂಗಾಟ, ಬಣ್ಣದ ಪರದೆ, ತಗಡಿನ ಗೋಡೆ, ಮುಂದಿನ ಸಾಲಲ್ಲಿ ಹೊದ್ಕೊಂಡು ಕೂತ ಅಜ್ಜಂದಿರು. ಕನ್ನಡದ ವೃತ್ತಿ ರಂಗಭೂಮಿ ಇನ್ನೂ ಉಸಿರಾಡ್ತಿರೋ ಜಾಗಗಳಲ್ಲಿ ಇದೊಂದು.

ಶಿವಮೊಗ್ಗ ಜಿಲ್ಲೆಯವರಾದ ನಮಗೆ ನಾಟಕದ ಬಗ್ಗೆ ಸ್ವಲ್ಪ ಜಂಬ ಇದೆ. ಇರ್ಲಿ, ಅದಕ್ಕೆ ಕಾರಣವೂ ಇದೆ. ಸಾಗರದ ಹೆಗ್ಗೋಡಲ್ಲಿ 1949ರಿಂದ ನೀನಾಸಂ ಇದೆ, 1985ರಿಂದ ಅದರ ತಿರುಗಾಟ ಊರೂರಿಗೆ ಹೋಗ್ತಿದೆ. ನಮ್ಮೂರಲ್ಲೇ ರಂಗಾಯಣ ಇದೆ. ಆದ್ರೆ ಇದೇ ಜಂಬದಲ್ಲಿ ಕಂಪನಿ ನಾಟಕ ಅಂದ ಕೂಡಲೇ ಮೂಗು ಮುರಿಯೋದು ನಂಗೆ ಸರಿ ಕಾಣಲ್ಲ. ಗುಬ್ಬಿ ಕಂಪನಿ ಶುರುವಾಗಿದ್ದು 1884ರಲ್ಲಿ. ಡಾ. ರಾಜ್‌ಕುಮಾರ್ ಬೆಳೆದಿದ್ದು ಅಂಥ ರಂಗದ ಮೇಲೆ. ನಮ್ಮ ಸಿನಿಮಾದ ಮಾತು, ನಗು, ಕಣ್ಣೀರು ಎಲ್ಲದರ ಬೇರು ಅಲ್ಲಿದೆ.

ಈ ಕಂಪನಿಗಳಿಗೆ ಬೇರೆ ಆಸರೆ ಕಡಿಮೆ. ಟಿಕೆಟ್ ಮಾರಾಟವಾದ್ರೆ ಸಂಬಳ, ಇಲ್ಲಾಂದ್ರೆ ಇಲ್ಲ. ನಟರು, ಹಾರ್ಮೋನಿಯಂ ನುಡಿಸೋರು, ಪರದೆ ಎಳೆಯೋರು, ಅಡುಗೆ ಮಾಡೋರು, ಮಕ್ಕಳು, ಎಲ್ಲರೂ ಟೆಂಟಿನ ಜೊತೆಗೇ ಊರಿಂದ ಊರಿಗೆ. ಕೊರೊನಾ ಕಾಲದಲ್ಲಿ ಜಾತ್ರೆಗಳು ನಿಂತಾಗ ಇವರ ಒಲೆಯೂ ನಿಂತಿತ್ತು. ದೊಡ್ಡ ಜಾತ್ರೆಯೊಂದರ ಗಳಿಕೆ ಮೇಲೆ ಉಳಿದ ತಿಂಗಳುಗಳ ಲೆಕ್ಕ ನಿಂತಿರುತ್ತೆ.

ಸಂಜೆ ಐದಕ್ಕೇ ಹಂಪಿ ಕಡೆ ಹೊರಟರೆ ನಿಮಗೆ ಇದ್ಯಾವುದೂ ಕಾಣಲ್ಲ. ಎರಡು ಗಂಟೆಯ ಪ್ರವಾಸಿಯಿಂದ ಅಲ್ಲಿಗೆ ಸಿಗೋದು ಪಾರ್ಕಿಂಗ್ ದುಡ್ಡು, ಒಂದಿಷ್ಟು ಪ್ಲಾಸ್ಟಿಕ್ ಬಾಟಲಿ. ರಾತ್ರಿ ಉಳಿದವರಿಂದ ರೂಮಿಗೆ, ಊಟಕ್ಕೆ, ಆಟೊಗೆ, ಗೈಡಿಗೆ, ನಾಟಕಕ್ಕೆ ಸಿಗುತ್ತೆ. ಲೆಕ್ಕ ನೀವೇ ಹಾಕಿ.

7/8

ಈಗ ನಿಮ್ಮ ಆಕ್ಷೇಪಗಳು. ನಂಗೆ ಗೊತ್ತಿರೋವು ನಾಲ್ಕು.

"ದುಡ್ಡಿಲ್ಲ." ಸರಿ. ಹಾಗಾದ್ರೆ ಕಾರ್ ಬಿಡಿ. ಹುಬ್ಬಳ್ಳಿವರೆಗೆ ಬಸ್ಸು, ಅಲ್ಲಿಂದ ಗದಗ ಮೇಲೆ ಹೋಗೋ ರೈಲಲ್ಲಿ ಬಾದಾಮಿ ಸ್ಟೇಶನ್. ಊರು ಸ್ಟೇಶನ್ನಿಂದ ಸ್ವಲ್ಪ ದೂರ, ಆಟೊ ಸಿಗುತ್ತೆ. ಹಂಪಿ-ಬಾದಾಮಿ-ವಿಜಯಪುರ ಮೂರನ್ನೂ ಎರಡು ದಿನಕ್ಕೆ ತುರುಕೋ ಬದಲು ಒಂದೇ ಊರಿಗೆ ಹೋದ್ರೆ ಪೆಟ್ರೋಲ್ ದುಡ್ಡೇ ಉಳಿಯುತ್ತೆ.

"ಜನವರೀಲಿ ಇಂಟರ್ನಲ್ಸ್." ಅದಕ್ಕೇ ಹೇಳಿದ್ದು, ತೇರಿನ ದಿನವೇ ಹೋಗಬೇಕು ಅಂತಿಲ್ಲ. ಜಾತ್ರೆ ವಾರಗಟ್ಟಲೆ ನಡೆಯುತ್ತೆ. ತೇರು ಮುಗಿದ ಮುಂದಿನ ಶನಿವಾರ-ಭಾನುವಾರ ಹೋಗಿ. ನೂಕುನುಗ್ಗಲೂ ಕಡಿಮೆ. ಶುಕ್ರವಾರ ಮಾತ್ರ ಬೇಡ, ಮ್ಯೂಸಿಯಂಗೆ ರಜೆ.

"ಹುಡುಗೀರಿಗೆ ಮನೇಲಿ ರಾತ್ರಿ ಬಿಡಲ್ಲ." ಇದು ನೆಪ ಅಲ್ಲ, ನಿಜವಾದ ತೊಂದರೆ. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆದ್ರೆ ಜಾತ್ರೆ ಅಂದ್ರೆ ಕುಟುಂಬಗಳೇ ತುಂಬಿರೋ ಜಾಗ. ಅಮ್ಮನನ್ನೋ ಚಿಕ್ಕಮ್ಮನನ್ನೋ ಅಜ್ಜಿಯನ್ನೋ ಕರ್ಕೊಂಡು ಹೋಗಿ. "ಫ್ರೆಂಡ್ಸ್ ಟ್ರಿಪ್" ಅಂದ್ರೆ ಬಾರದ ಪರ್ಮಿಶನ್ "ಬನಶಂಕರಿ ದರ್ಶನ" ಅಂದ್ರೆ ಬರಬಹುದು, ಸುಳ್ಳೂ ಅಲ್ಲ. ಹುಡುಗರು ಇದನ್ನ ಓದಿ ನಗೋ ಬದಲು, ನಿಮ್ಮ ಮನೇಲಿ ನಿಮ್ಮ ಅಕ್ಕ-ತಂಗಿಗೆ ಪರ್ಮಿಶನ್ ಕೊಡಿಸೋಕೆ ಒಂದು ಮಾತಾಡಿ. ಅದೇ ದೊಡ್ಡ ಸಹಾಯ.

"ಕಂಪನಿ ನಾಟಕದಲ್ಲಿ ಬರೀ ಡಬಲ್ ಮೀನಿಂಗ್." ಕೆಲವದರಲ್ಲಿ ಇದೆ. ಸುಳ್ಳು ಹೇಳಲ್ಲ. ಹೆಂಗಸರನ್ನ ಹಂಗಿಸೋ ಜೋಕುಗಳಿಗೆ ನಂಗೂ ಮೈ ಉರಿಯುತ್ತೆ. ಆದ್ರೆ ದಿನಕ್ಕೆ ಮೂರು ಗಂಟೆ ರೀಲ್ ನೋಡೋ ನಾವು ಈ ವಿಷಯದಲ್ಲಿ ಮಡಿವಂತರಾಗೋದು ಚಂದ ಕಾಣಲ್ಲ. ಅಂಥ ಜೋಕು ಬರೋದು ಅದಕ್ಕೆ ಸೀಟಿ ಬೀಳುತ್ತೆ ಅಂತ. ಕೂತು ನೋಡೋ ಯುವಕರು ಒಳ್ಳೆ ಹಾಡಿಗೆ ಚಪ್ಪಾಳೆ ಹೊಡೆದು, ಕೆಟ್ಟ ಜೋಕಿಗೆ ಸುಮ್ಮನಿದ್ರೆ ಸ್ಟೇಜ್ ಮೇಲಿನವರಿಗೆ ಅರ್ಥ ಆಗುತ್ತೆ. ಪ್ರೇಕ್ಷಕನಿಗೆ ಇರೋ ಅಧಿಕಾರ ಅದು. ಟಿಕೆಟ್ ತಗೊಳ್ಳದವನಿಗೆ ಅದೂ ಇಲ್ಲ.

8/8

ಕೊನೇದಾಗಿ ನಮ್ಮೂರಿನ ಕಡೆಯಿಂದ ನೋಡಿ.

ಶಿವಮೊಗ್ಗ ಅಂದ್ರೆ ಹೊರಗಿನವರಿಗೆ ಏನು? ಜೋಗಕ್ಕೆ ಹೋಗೋ ದಾರೀಲಿ ಇಡ್ಲಿ ತಿನ್ನೋ ಊರು. ಸಕ್ರೆಬೈಲಿನಲ್ಲಿ ಆನೆ ಜೊತೆ ಒಂದು ಸೆಲ್ಫಿ, ಮುಂದೆ ಆಗುಂಬೆ, ಅಷ್ಟೇ. ಬೆಂಗಳೂರಿನ ಗಾಡಿಗಳು ನಮ್ಮ ಊರನ್ನ ಬೈಪಾಸಲ್ಲೇ ದಾಟಿ ಹೋಗ್ತವೆ. "ಶಿವಮೊಗ್ಗದಲ್ಲಿ ನೋಡೋಕೆ ಏನಿದೆ?" ಅಂತ ಯಾರಾದ್ರೂ ಕೇಳಿದಾಗ ಎದೆಗೆ ಚುರ್ ಅನ್ನಲ್ವಾ? ನೂರಡಿ ರಸ್ತೆಯ ಸಂಜೆ, ತುಂಗೆ ತುಂಬಿದಾಗ ಮಂಟಪ ಮುಳುಗಿತಾ ಅಂತ ನೋಡೋಕೆ ಓಡೋದು, ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬ ಜಾತ್ರೆ ಬಂದಾಗ ಮನೆ ತುಂಬೋ ನೆಂಟರು. ಇದನ್ನೆಲ್ಲ ಇಡ್ಲಿ ತಿಂದು ಹೊರಟವನಿಗೆ ಹೇಗೆ ತೋರಿಸ್ತೀರಿ?

ಬಾದಾಮಿಯವರಿಗೂ ನಮ್ಮ "ಬಾದಾಮಿ ಡನ್" ನೋಡಿದಾಗ ಹಾಗೇ ಅನ್ಸುತ್ತೆ. ಅವರ ಊರೂ ಯಾರದ್ದೋ ದಾರಿಯ ಮಧ್ಯದ ಸ್ಟಾಪ್ ಆಗಿಬಿಟ್ಟಿದೆ. ಅವರಿಗೆ ಮಾತ್ರ ಅದು ದಾರಿಯ ಮಧ್ಯ ಅಲ್ಲ.

ಹಾಗಾಗಿ ಮುಂದಿನ ಜನವರಿಗೆ ಪ್ಲಾನ್ ಹಾಕೋರು ಹೀಗೆ ಮಾಡಿ. ಮಧ್ಯಾಹ್ನ ತಲುಪಿ, ಬಿಸಿಲು ಇಳಿದ ಮೇಲೆ ಕೆರೆ ದಡಕ್ಕೆ ಹೋಗಿ. ರಾತ್ರಿ ಬನಶಂಕರಿಗೆ ಹೋಗಿ ರೊಟ್ಟಿ ತಿಂದು, ಒಂದು ನಾಟಕಕ್ಕೆ ಟಿಕೆಟ್ ತಗೊಳ್ಳಿ. ಪೂರ್ತಿ ಕೂರೋಕಾಗದಿದ್ರೆ ಅರ್ಧ ನೋಡಿ. ಬೆಳಿಗ್ಗೆ ತಂಪಲ್ಲಿ ಗೈಡ್ ಕರ್ಕೊಂಡು ಸಿಡಿಲಫಡಿ, ವಾಪಸ್ ಬಂದು ಗುಹೆ. ನೀರಿನ ಬಾಟಲಿ ಮನೆಯಿಂದಲೇ ತಗೊಂಡು ಹೋಗಿ, ಖಾಲಿ ಬಾಟಲಿ ಮನೆಗೇ ವಾಪಸ್ ತನ್ನಿ. ಬಂಡೆಯನ್ನ ಕೈಯಲ್ಲಿ ಮುಟ್ಟಿ, ಕೀಲಿ ಮುಟ್ಟಬೇಡಿ.

ಹಂಪಿ ಎಲ್ಲಿಗೂ ಓಡಿ ಹೋಗಲ್ಲ. ಅದನ್ನ ಬೇಸಿಗೆ ರಜೆಗೆ ಇಟ್ಕೊಳ್ಳಿ. ಅಲ್ಲ, ಬೇಸಿಗೇಲಿ ಹಂಪಿ ಬೇಡ, ಬೆಂದು ಹೋಗ್ತೀರಿ.

ಈ ಸಲ ಯಾರ್ಯಾರು ಬರ್ತೀರಿ ಹೇಳಿ. ಮತ್ತೆ ನಿಮ್ಮ ಗ್ರೂಪಲ್ಲಿ "ಮುಗಿಸ್ಕೊಂಡು ಬರಣ" ಅನ್ನೋ ಆ ಒಬ್ಬರನ್ನ ಇಲ್ಲಿ ಟ್ಯಾಗ್ ಮಾಡಿ.

#ಬಾದಾಮಿ #ಬನಶಂಕರಿಜಾತ್ರೆ #ಕಂಪನಿನಾಟಕ #ಸಿಡಿಲಫಡಿ #ಶಿವಮೊಗ್ಗ #ವಿನೋಬನಗರ